ಗೋಕ್ಟೇಕ್ ಸೇತುವೆ ದಾಟಿದ ರೈಲು ಲಾಶಿಯೋದಲ್ಲೇ ಯಾಕೆ ನಿಂತೋಯ್ತು?

ಪ್ರಶ್ನೆ: ಸರ್, ಬರ್ಮಾದ ಗೋಕ್ಟೇಕ್ ಸೇತುವೆ ವಿಡಿಯೋ ನೋಡ್ದೆ. ಆ ಲೈನು ಚೀನಾಗೆ ಹೋಗ್ಬೇಕಿತ್ತಂತೆ, ಬೆಟ್ಟ ಅಡ್ಡ ಬಂದು ನಿಂತೋಯ್ತಂತೆ, ನಿಜಾನಾ? ಸ್ಯಾಟಲೈಟ್ ಇಲ್ದೆ ಆಗ ಸರ್ವೆ ಹೇಗೆ ಮಾಡ್ತಿದ್ರು?

ಉತ್ತರ: ಚೀನಾಗೆ ಹೋಗ್ಬೇಕಿದ್ದದ್ದು ನಿಜ. ಬೆಟ್ಟ ನಿಲ್ಲಿಸ್ತು ಅನ್ನೋದು ಮಾತ್ರ ಅರ್ಧ ಸತ್ಯ, ನಾನೂ ಘಟ್ಟದಲ್ಲಿ ಲೈನ್ ಸರ್ವೆಗೆ ಅಲೆದವನು, ಆ ಸರ್ವೆ ಮಾಡಿದವರ ಪರವಾಗಿ ಇದನ್ನ ಹೇಳ್ಲೇಬೇಕು, ಯಾಕಂದ್ರೆ ಅವ್ರು ದಾರಿ ಹುಡುಕಿ ಕೊಟ್ಟಿದ್ರು.

ಮಂಡಾಲೆಯಿಂದ ಹೊರಟ ಮೀಟರ್ ಗೇಜ್ ಲೈನು 1903ರಲ್ಲಿ ಬರ್ಮಾದ ಈಶಾನ್ಯದಲ್ಲಿರೋ ಲಾಶಿಯೋ ಊರು ಮುಟ್ತು. ಅಲ್ಲಿಂದ ಸಾಲ್ವೀನ್ ನದಿಯ ಕುನ್‌ಲಾಂಗ್ ಕಡವು, ಆಮೇಲೆ ಚೀನಾದ ಯುನ್ನಾನ್ ಪ್ರಾಂತ್ಯ, ಇದು ಬ್ರಿಟಿಷರ ಪ್ಲಾನು. ಆ ದಾರಿ ನೋಡೋಕೆ ಅಂತ ಎಚ್.ಆರ್. ಡೇವಿಸ್ ಅನ್ನೋ ಬ್ರಿಟಿಷ್ ಮಿಲಿಟರಿ ಆಫೀಸರು 1894ರಿಂದ 1900ರ ತನಕ ಬೇರೆಬೇರೆ ಸಲ ಯುನ್ನಾನ್ ಸುತ್ತಿದ್ರು, ಜೊತೆಗೆ ಭಾರತೀಯ ಸರ್ವೇಯರುಗಳೂ ಇದ್ರು, ಅವ್ರ ಹೆಸ್ರು ಯಾರೂ ಹೇಳಲ್ಲ ಅನ್ನೋದು ನಂಗೆ ಬೇಜಾರು.

ಪಶ್ಚಿಮ ಯುನ್ನಾನಲ್ಲಿ ಸಾಲ್ವೀನು, ಮೆಕಾಂಗು, ನಡುವಿನ ಬೆಟ್ಟ ಎಲ್ಲಾ ಉತ್ತರದಿಂದ ದಕ್ಷಿಣಕ್ಕೆ ನೇಗಿಲ ಸಾಲಿನ ತರ ಇವೆ, ರೈಲು ಹೋಗ್ಬೇಕಾದ್ದು ಪೂರ್ವಕ್ಕೆ, ಅಂದ್ರೆ ಉತ್ತ ಹೊಲದಲ್ಲಿ ಸಾಲಿಗೆ ಅಡ್ಡಡ್ಡ ಗಾಡಿ ಹೊಡ್ದಂಗೆ. ಬರ್ಮಾದ ಭಾಮೋ ಊರಿನ ಕಡೆಯ ಹಳೇ ಹೇಸರಗತ್ತೆ ದಾರಿಲಿ ಬೆಟ್ಟದ ಮೇಲಿಂದ ಸಾಲ್ವೀನಿಗೆ ಇಳಿಯೋಕೆ 5,000 ಅಡಿಗೂ ಜಾಸ್ತಿ ಇಳೀಬೇಕು. ಲೆಕ್ಕ ಹಾಕಿ: 25 ಅಡಿಗೆ 1 ಅಡಿ ಇಳಿಜಾರು ಇಟ್ರೂ 5,000 ಅಡಿ ಇಳಿಯೋಕೆ 1,25,000 ಅಡಿ ಹಳಿ ಬೇಕು, ಸುಮಾರು 38 ಕಿಲೋಮೀಟರ್, ಅದೂ ಬರೀ ಒಂದು ಮಗ್ಗುಲಿಗೆ, ಮತ್ತೆ ಆಚೆ ದಡದಲ್ಲಿ ಹತ್ಬೇಕು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 50ಕ್ಕೆ 1, ಅಲ್ಲೇ ಗೂಡ್ಸ್ ಗಾಡಿ ಹೇಗೆ ಏದುಸಿರು ಬಿಡುತ್ತೆ ಅಂತ ನೋಡಿದವರಿಗೆ 25ಕ್ಕೆ 1 ಅಂದ್ರೇನು ಅಂತ ಗೊತ್ತಾಗುತ್ತೆ.

ಎತ್ತರ ಅಳೆಯೋಕೆ ನೀರು ಕುದಿಸ್ತಿದ್ರು, ನಿಜವಾಗ್ಲೂ. ಸಣ್ಣ ಸ್ಪಿರಿಟ್ ದೀಪ, ಪುಟ್ಟ ಪಾತ್ರೆ, ಹಬೆಗೆ ಹಿಡಿಯೋ ಥರ್ಮಾಮೀಟರು. 300 ಮೀಟರ್ ಮೇಲೆ ಹೋದ್ರೆ ನೀರು ಹೆಚ್ಚೂಕಮ್ಮಿ 1 ಡಿಗ್ರಿ ಕಮ್ಮಿ ಶಾಖಕ್ಕೇ ಕುದಿಯುತ್ತೆ, ಹಾಗಾಗಿ ಓದೋವಾಗ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದ್ರೂ 30 ಮೀಟರ್ ಹೋಯ್ತು! ಜೊತೆಗೆ ಗಾಳಿ ಒತ್ತಡ ಅಳೆದು ಎತ್ತರ ಹೇಳೋ, ಜೇಬಲ್ಲಿಡೋ ಬ್ಯಾರೋಮೀಟರು, ಅದು ಮೋಡ ಕವಿದ್ರೂ ಓದೋ ಲೆಕ್ಕ ಬದಲಾಯಿಸುತ್ತೆ, ಅದಕ್ಕೇ ಕ್ಯಾಂಪಲ್ಲಿ ಇನ್ನೊಂದಿಟ್ಟು ತಾಳೆ ನೋಡೋದು. ನಕ್ಷೆಗೆ ಪ್ಲೇನ್ ಟೇಬಲ್, ಅಂದ್ರೆ ಮೂರು ಕಾಲಿನ ಮೇಲೆ ಕೂರಿಸೋ ಹಲಗೆ, ಅಲ್ಲೇ ನೋಡ್ತಾ ನಕ್ಷೆ ಬರೆಯೋಕೆ. ಇಷ್ಟರಲ್ಲಿ ಯಾವ ಕಣಿವೆ ಹಿಡೀಬೇಕು ಅಂತ ಮಾತ್ರ ಗೊತ್ತಾಗೋದು, ಹಳಿ ಕೂರೋ ಜಾಗ ಗುರುತಿಸೋಕೆ ಆಮೇಲೆ ಕೋನ ಅಳೆಯೋ ಥಿಯೋಡೊಲೈಟು, ಏರುತಗ್ಗು ಅಳೆಯೋ ಲೆವೆಲ್ಲು ಹೊತ್ಕೊಂಡು ಮತ್ತೆ ಹೋಗ್ಬೇಕು.

ಅಂಥಾ ಸಾಮಾನು ಇಟ್ಕೊಂಡೇ ಡೇವಿಸ್ ಕುನ್‌ಲಾಂಗ್ ಹತ್ರ ಸಾಲ್ವೀನಿಗೆ ಪೂರ್ವದಿಂದ ಬಂದು ಸೇರೋ ನಾಮ್‌ಟಿಂಗ್ ನದಿಯ ಕಣಿವೆನೇ ಸರಿ ಅಂದ್ರು. ಎಲ್ಲಾ ನದಿ ಅಡ್ಡ ನಿಂತ್ರೆ ಇದೊಂದು ರೈಲಿನ ದಿಕ್ಕಲ್ಲೇ ಮಲಗಿದೆ. ಖರ್ಚು ಭಾರೀ, ಆದ್ರೆ ಆಗೋ ಕೆಲಸ ಅನ್ನೋದು ಅವ್ರ ನಿಲುವು, 1909ರ ಪುಸ್ತಕದಲ್ಲೂ ಅದನ್ನೇ ವಾದಿಸಿದ್ರು.

ನಿಲ್ಲಿಸಿದ್ದು ದುಡ್ಡಿನ ಲೆಕ್ಕ. ವೈಸರಾಯ್ ಕರ್ಜನ್ 1901ರಲ್ಲಿ ರಂಗೂನಲ್ಲಿ ಭಾಷಣ ಮಾಡ್ತಾ, ಚೀನಾದ ಸಿಚುವಾನ್ ಪ್ರಾಂತ್ಯದ ಮಧ್ಯದಲ್ಲೇ ಸಮುದ್ರಕ್ಕೆ ಹೋಗೋ ದೊಡ್ಡ ನದಿ ಇರೋವಾಗ ಅಲ್ಲಿನ ಸರಕೆಲ್ಲ ಬೆಟ್ಟ ಹತ್ತಿ ಒಂದೇ ಮೀಟರ್ ಗೇಜ್ ಲೈನಲ್ಲಿ ರಂಗೂನಿಗೆ ಬರುತ್ತೆ ಅನ್ನೋದು ಹುಚ್ಚು ಅನ್ನೋ ಅರ್ಥದಲ್ಲಿ ಮಾತಾಡಿದ್ರು. ವ್ಯಾಪಾರದ ಮಟ್ಟಿಗೆ ಅವ್ರ ಮಾತು ಸರಿನೇ ಅನ್ಸುತ್ತೆ ನಂಗೆ. 1910ಕ್ಕೆ ಫ್ರೆಂಚರು ವಿಯೆಟ್ನಾಂ ಕಡೆಯಿಂದ ಯುನ್ನಾನಿನ ರಾಜಧಾನಿ ಕುನ್ಮಿಂಗಿಗೆ ರೈಲು ತಂದೂ ಬಿಟ್ರು. 1938ರಲ್ಲಿ ಚೀನಾದವ್ರು ಬರ್ಮಾ ಕಡೆಗಿನ ಈ ಲೈನಿನ ಕೆಲಸ ಶುರು ಮಾಡಿದ್ರು, 1942ರಲ್ಲಿ ಜಪಾನಿನ ಸೈನ್ಯ ಲಾಶಿಯೋ ಹಿಡೀತು, ಅಲ್ಲಿಗೆ ನಿಂತೋಯ್ತು.

ಮ್ಯಾಪಲ್ಲಿ ಬೆಟ್ಟಗುಡ್ಡ ಕಾಣೋ ಹಾಗೆ ಸೆಟ್ ಮಾಡ್ಕೊಂಡು ಕುನ್‌ಲಾಂಗ್ ಹುಡುಕಿ, ಅಲ್ಲಿಂದ ಪೂರ್ವಕ್ಕೆ ಆ ನದಿ ಹಿಡ್ಕೊಂಡು ಹೋಗಿ, ಈಗ ಅದಕ್ಕೆ ನಾನ್‌ಡಿಂಗ್ ಅಂತಾರೆ. ಡೇವಿಸ್ ನೀರು ಕುದಿಸಿ ಕಂಡ್ಕೊಂಡ ಬಾಗಿಲು ನಿಮಗೂ ಕಾಣುತ್ತೆ.