ಪ್ರತಿಕ್ರಿಯೆ: ಕಲ್ಲಿದ್ದಲು ಗಣಿಯ ಹಳೆ ಫ್ಯಾನ್ ಮನೆ ಗುರುತಿಸುವುದು ಹೇಗೆ?

ಮಗಳ ಮನೆಗೆ ಇಂಗ್ಲೆಂಡಿಗೆ ಹೋಗುವಾಗ ಹಳೆ ಗಣಿಗಳ ಗಾಳಿ ಯಂತ್ರದ ಕುರುಹು ನೋಡಬೇಕು, ಗುರುತಿಸುವುದು ಹೇಗೆ ಅಂತ ಕೇಳಿದ್ದೀರಿ. ನಾನು ಕಾರವಾರದವನು, ಇದೊಂದು ಹುಚ್ಚು ನನಗೂ ಇದೆ.

ಗಣಿಯೊಳಗೆ ಗಾಳಿ ಆಡಿಸಲು ಮೊದಲು ಫ್ಯಾನ್ ಇರಲಿಲ್ಲ, ಬೆಂಕಿ ಇತ್ತು. ನಿಮ್ಮ ಶಿರಸಿ ಕಡೆ ಆಲೆಮನೆ ಒಲೆ ನೋಡಿದ್ದೀರಲ್ವಾ? ಬಿಸಿ ಗಾಳಿ ಚಿಮಣಿಯಲ್ಲಿ ಮೇಲೇರಿದಂತೆ ಹೊಸ ಗಾಳಿ ಒಳಗೆ ನುಗ್ಗುತ್ತದೆ. ಗಣಿಯಲ್ಲೂ ಅದೇ. ಗಣಿಗೆ ಇಳಿಯುವ ಒಂದು ಬಾವಿಯ (ಶಾಫ್ಟ್) ತಳದಲ್ಲಿ ಕುಲುಮೆ ಉರಿಸಿದರೆ, ಇನ್ನೊಂದು ಬಾವಿಯಿಂದ ಗಾಳಿ ಇಳಿಯುತ್ತಿತ್ತು. ಸಿಡಿಯುವ ಅನಿಲ ಇರುವಲ್ಲಿ ಬೆಂಕಿ! ಯೋಚಿಸಿದರೇ ಮೈ ಜುಮ್ಮೆನ್ನುತ್ತದೆ.

ಆಮೇಲೆ ಬಂದದ್ದು ಉಗಿಯಿಂದ ತಿರುಗುವ ಫ್ಯಾನ್. ಬೆಲ್ಜಿಯಂನಲ್ಲಿದ್ದ ಎಂಜಿನಿಯರ್ ಗೀಬಾಲ್ ರೂಪಿಸಿದ ಫ್ಯಾನ್‌ಗಳಲ್ಲಿ 30 ಅಡಿ ವ್ಯಾಸದವೂ ಇದ್ದವು. ಕಬ್ಬಿಣ ಗುಜರಿಗೆ ಹೋಗುತ್ತದೆ, ಹಾಗಾಗಿ ಸಾಮಾನ್ಯವಾಗಿ ಸಿಗುವುದು ಬರೀ ಗೋಡೆ. ಬಸವನ ಹುಳದ ಚಿಪ್ಪಿನಂತೆ ಬಾಗಿದ ಇಟ್ಟಿಗೆ ಗೋಡೆ, ಪಕ್ಕದಲ್ಲಿ ಮೇಲೆ ಹೋದಂತೆ ಅಗಲವಾಗುವ ಚಿಮಣಿ ಕಂಡರೆ ಅದೇ ಫ್ಯಾನ್ ಮನೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಾಲ್ಟ್‌ಬರ್ನ್ ಹತ್ತಿರ ಹಂಟ್‌ಕ್ಲಿಫ್‌ನಲ್ಲಿ ಸಮುದ್ರದಂಚಿಗೆ ಇಂಥದ್ದೊಂದು ನಿಂತಿದೆ. ಅದು ಕಬ್ಬಿಣದ ಅದಿರಿನ ಗಣಿಯದ್ದು, ಆದರೆ ವಿನ್ಯಾಸ ಅದೇ.

ಒಂದೇ ಬಾವಿ ಕಂಡರೆ ಸುಮ್ನೆ ಹೊರಡಬೇಡಿ, ಎರಡನೆಯದನ್ನೂ ಹುಡುಕಿ, ಫ್ಯಾನ್ ಮನೆ ಅದರ ಪಕ್ಕ ಇರಬಹುದು. 1862ರಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಕಲ್ಲಿದ್ದಲು ಗಣಿಗೆ ಇದ್ದ ಒಂದೇ ಬಾವಿಗೆ ಪಂಪ್ ಎಂಜಿನ್ನಿನ ತೊಲೆ ಮುರಿದು ಬಿದ್ದು, ಹೊರಬರುವ ದಾರಿ ಮುಚ್ಚಿ 204 ಜನ ಸತ್ತರು. ಆಮೇಲೆ ಎರಡು ಬಾವಿ ಕಡ್ಡಾಯವಾಯಿತು.

ವೇಲ್ಸ್ ಕಡೆ ಹೋದರೆ ಬ್ಲೈನಾವನ್‌ನ ಬಿಗ್ ಪಿಟ್ (ಹಳೆ ಕಲ್ಲಿದ್ದಲು ಗಣಿ, ಈಗ ಮ್ಯೂಸಿಯಂ) ತಪ್ಪಿಸಬೇಡಿ, ಅಲ್ಲಿ ಗಣಿಯೊಳಗೇ ಇಳಿಸುತ್ತಾರೆ.