ಓದುಗರ ಪ್ರಶ್ನೆ, ನಮ್ಮ ಉತ್ತರ: ರ‍್ಯಾಲಿಗೆಂದೇ ಹುಟ್ಟಿದ ಲಾಂಚಿಯಾ ಸ್ಟ್ರಾಟೋಸ್

ಪ್ರಶ್ನೆ: ಹಳೆಯ ರ‍್ಯಾಲಿ ಚಿತ್ರಗಳಲ್ಲಿ ಬಿಳಿ ಮೈಯ ಮೇಲೆ ಹಸಿರು, ಕೆಂಪು ಪಟ್ಟಿಗಳಿರುವ, ಚೂಪು ಮೂತಿಯ ಪುಟ್ಟ ಇಟಾಲಿಯನ್ ಕಾರೊಂದು ಮತ್ತೆ ಮತ್ತೆ ಕಾಣಿಸುತ್ತದೆ. ಅದು ಫೆರಾರಿ ಎಂದು ಒಬ್ಬ ಗೆಳೆಯನ ವಾದ, ಲಾಂಚಿಯಾ ಎಂದು ಇನ್ನೊಬ್ಬನ ವಾದ. ಯಾರದು ಸರಿ? (ಶಿವಮೊಗ್ಗದ ಓದುಗರು)

ಉತ್ತರ: ಎರಡನೆಯವರದು ಸರಿ, ಆದರೆ ಮೊದಲನೆಯವರದು ಪೂರ್ತಿ ತಪ್ಪೆನ್ನಲೂ ಆಗದು. ಅದು ಲಾಂಚಿಯಾ ಕಂಪನಿಯ ಸ್ಟ್ರಾಟೋಸ್ ಎಚ್‌ಎಫ್. ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂತಿರುವ ಎಂಜಿನ್ ಮಾತ್ರ ಫೆರಾರಿಯವರ ಡಿನೊ 246 ಕಾರಿನದು. ಮೈಯನ್ನು ರೂಪಿಸಿದವರು ಬೆರ್ಟೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ. ಲ್ಯಾಂಬೋರ್ಗಿನಿಯ ಮಿಯುರಾ ಮತ್ತು ಕೌಂಟಾಶ್ ಕಾರುಗಳೂ ಅವರ ಕೈಯಿಂದಲೇ ಬಂದವು. ನೀವು ಕಂಡ ಪಟ್ಟಿಗಳು ಪ್ರಾಯೋಜಕರಾಗಿದ್ದ ಅಲಿಟಾಲಿಯಾ ವಿಮಾನಯಾನ ಸಂಸ್ಥೆಯ ಬಣ್ಣಗಳು.

ಈ ಬೆರಕೆಗೆ ಒಂದು ಹಿನ್ನೆಲೆಯಿದೆ. 1960ರ ದಶಕದ ಕೊನೆಗೆ ಲಾಂಚಿಯಾ ಸಾಲದಲ್ಲಿ ಮುಳುಗಿತ್ತು. 1969ರಲ್ಲಿ ಫಿಯೆಟ್ ಅದನ್ನು ಕೊಂಡುಕೊಂಡಿತು, ಅದೇ ವರ್ಷ ಫೆರಾರಿಯ ಅರ್ಧ ಪಾಲನ್ನೂ ತನ್ನದಾಗಿಸಿಕೊಂಡಿತು. ಮರುವರ್ಷ ಟ್ಯೂರಿನ್ ಪ್ರದರ್ಶನದಲ್ಲಿ ಬೆರ್ಟೋನೆ ‘ಸ್ಟ್ರಾಟೋಸ್ ಜೀರೊ’ ಎಂಬ ಮಾದರಿ ಕಾರನ್ನಿಟ್ಟಿತು. ಅದರ ಎತ್ತರ ಬರೀ 84 ಸೆಂಟಿಮೀಟರ್. ಬದಿಯಲ್ಲಿ ಬಾಗಿಲುಗಳೇ ಇರಲಿಲ್ಲ. ಮುಂದಿನ ಗಾಜನ್ನು ಮೇಲಕ್ಕೆತ್ತಿ, ಮೂತಿಯ ಮೇಲೆ ಕಾಲಿಟ್ಟು ಒಳಗಿಳಿಯಬೇಕಿತ್ತು. ಸಂಸ್ಥೆಯ ಒಡೆಯ ನುಚ್ಚಿಯೊ ಬೆರ್ಟೋನೆ ಇದನ್ನೇ ಓಡಿಸಿಕೊಂಡು ಲಾಂಚಿಯಾ ಕಾರ್ಖಾನೆಗೆ ಹೋದಾಗ ದ್ವಾರದ ಅಡ್ಡಗಂಬವನ್ನು ಎತ್ತುವ ಪ್ರಮೇಯವೇ ಬರಲಿಲ್ಲ, ಕಾರು ಅದರಡಿಯಲ್ಲೇ ನುಸುಳಿತು ಎಂಬ ಕತೆಯನ್ನು ಇಟಲಿಯ ಕಾರುಪ್ರಿಯರು ಇಂದಿಗೂ ಹೇಳುತ್ತಾರೆ.

ಲಾಂಚಿಯಾದ ಸ್ಪರ್ಧಾ ವಿಭಾಗದ ಮುಖ್ಯಸ್ಥ ಚೆಸಾರೆ ಫಿಯೋರಿಯೊ ಆಗ ಹಳತಾಗುತ್ತಿದ್ದ ಫುಲ್ವಿಯಾ ಕಾರಿಗೆ ಉತ್ತರಾಧಿಕಾರಿಯನ್ನು ಹುಡುಕುತ್ತಿದ್ದರು. ಅಲ್ಲಿಯವರೆಗೆ ರ‍್ಯಾಲಿಗೆ ಇಳಿಯುತ್ತಿದ್ದ ಕಾರುಗಳೆಲ್ಲ ಮೂಲತಃ ಮಾರಾಟಕ್ಕೆಂದು ಮಾಡಿದವು. ಅವನ್ನೇ ಬಲಪಡಿಸಿ, ಹಗುರಗೊಳಿಸಿ ಓಡಿಸುತ್ತಿದ್ದರು. ಫಿಯೋರಿಯೊ ಈ ಕ್ರಮವನ್ನೇ ತಿರುಗಿಸಿ, ಮೊದಲು ರ‍್ಯಾಲಿಗೆ ತಕ್ಕ ಕಾರನ್ನು ಕಟ್ಟಿ, ಬಳಿಕ ನಿಯಮಪುಸ್ತಕ ಕೇಳುವಷ್ಟು ಪ್ರತಿಗಳನ್ನು ಜನರಿಗೆ ಮಾರುವ ಯೋಜನೆ ಹಾಕಿದರು. ಗ್ರೂಪ್ 4 ಎಂಬ ಸ್ಪರ್ಧಾ ವರ್ಗದ ಮಾನ್ಯತೆಗೆ ಆಗ ಬೇಕಿದ್ದದ್ದು 500 ಕಾರು. ತಯಾರಾದವು 492 ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಲೆಕ್ಕ. ಆ ಕಾಲದ ಇಟಲಿಯಲ್ಲಿ ಇಂಥ ಎಣಿಕೆಯನ್ನು ಯಾರೂ ಅತಿಯಾಗಿ ಕೆದಕುತ್ತಿರಲಿಲ್ಲ ಎಂದಷ್ಟೇ ಹೇಳಬಹುದು. ಎಂಜಿನ್ ಕೊಡಲು ಎಂಝೊ ಫೆರಾರಿ ಮೊದಲು ಹಿಂಜರಿದರು. ಡಿನೊ 246 ಉತ್ಪಾದನೆ ಮುಗಿಯುವ ಹೊತ್ತಿಗೆ ಹಾದಿ ಸುಗಮವಾಗಿ, 1974ರ ಅಕ್ಟೋಬರ್‌ನಲ್ಲಿ ಸ್ಟ್ರಾಟೋಸ್‌ಗೆ ಮಾನ್ಯತೆ ದೊರೆಯಿತು.

ಪ್ರಶ್ನೆ: ಈ ಕಾರಿನ ಶಕ್ತಿ 190 ಅಶ್ವಶಕ್ತಿ ಎಂದು ಓದಿದೆ. ಇಂದು ಸಾಧಾರಣ ಎಸ್‌ಯುವಿಗಳಲ್ಲೂ ಅಷ್ಟಿರುತ್ತದೆ. ಹಾಗಿದ್ದರೆ ಇದಕ್ಕೆ ಇಷ್ಟೊಂದು ಹೆಸರೇಕೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಅಶ್ವಶಕ್ತಿಯ ಪಕ್ಕದಲ್ಲಿ ತೂಕವನ್ನೂ ಇಟ್ಟು ನೋಡಬೇಕು. ಸ್ಟ್ರಾಟೋಸ್ ತೂಗುತ್ತಿದ್ದದ್ದು ಸುಮಾರು 980 ಕಿಲೊ. 2,418 ಸಿಸಿಯ ವಿ6 ಎಂಜಿನ್ 7,000 ಆರ್‌ಪಿಎಂನಲ್ಲಿ ಆ 190 ಅಶ್ವಶಕ್ತಿಯನ್ನು ಕೊಡುತ್ತಿತ್ತು. ರಸ್ತೆ ಆವೃತ್ತಿಯ ಕಾರು ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು 7 ಸೆಕೆಂಡಿಗಿಂತ ತುಸು ಕಡಿಮೆ ಸಾಕಿತ್ತು, ಗರಿಷ್ಠ ವೇಗ ಗಂಟೆಗೆ 230 ಕಿ.ಮೀ. ಆಸುಪಾಸು. ಸ್ಪರ್ಧೆಯ ಕಾರುಗಳಲ್ಲಿ ಇದೇ ಎಂಜಿನ್‌ನಿಂದ 270ಕ್ಕೂ ಹೆಚ್ಚು, ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳ ಆವೃತ್ತಿಯಲ್ಲಿ 320ರವರೆಗೂ ಶಕ್ತಿ ಹೊರಡಿಸಿದರು.

ಆದರೆ ನನ್ನ ದೃಷ್ಟಿಯಲ್ಲಿ ಎಂಜಿನ್‌ಗಿಂತ ಮುಖ್ಯವಾದ ಅಂಕಿ ಬೇರೆಯಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಈ ಕಾರಿನಲ್ಲಿ 2,180 ಮಿ.ಮೀ., ಅಂದರೆ ನಮ್ಮ ಮಾರುತಿ 800ಕ್ಕಿಂತ ಕೇವಲ 5 ಮಿ.ಮೀ. ಹೆಚ್ಚು. ಅಗಲವೋ 1,750 ಮಿ.ಮೀ. ಇಷ್ಟು ಗಿಡ್ಡವಾಗಿದ್ದು ಇಷ್ಟು ಅಗಲವಾಗಿರುವ, ಭಾರವೆಲ್ಲ ನಡುವಿನಿಂದ ಹಿಂದಕ್ಕಿರುವ ಕಾರು ಸ್ಟೀರಿಂಗ್ ಮುಟ್ಟಿದೊಡನೆ ತಿರುಗುತ್ತದೆ. ಆಲ್ಪ್ಸ್ ಬೆಟ್ಟಗಳ ಹೇರ್‌ಪಿನ್ ತಿರುವುಗಳಲ್ಲಿ ಬೇಕಿದ್ದದ್ದು ಅದೇ. ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅದೇ ಗುಣ ಚಾಲಕನನ್ನು ಕಾಡುತ್ತಿತ್ತು. ತಿರುವಿನ ನಡುವೆ ಧೈರ್ಯಗೆಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಂಭಾಗ ಮುಂದೆ ಬಂದುಬಿಡುವ ಅಪಾಯವಿತ್ತು.

ಮುಂದಿನ ಗಾಜನ್ನು ಗಮನಿಸಿ. ಅರ್ಧಚಂದ್ರದಂತೆ ಬಾಗಿದ ಈ ಗಾಜು ಕೊಳವೆಯೊಂದರಿಂದ ಕತ್ತರಿಸಿದ ತುಂಡಿನಂತೆ ಎಲ್ಲ ಕಡೆ ಒಂದೇ ಬಾಗು ಹೊಂದಿರುವುದರಿಂದ ದೃಶ್ಯ ಎಲ್ಲೂ ವಕ್ರವಾಗುವುದಿಲ್ಲ. ಮುಂದಿನ ತಿರುವನ್ನು ಓರೆಯಾಗಿ ನೋಡುತ್ತಲೇ ಓಡಿಸುವ ರ‍್ಯಾಲಿ ಚಾಲಕನಿಗೆ ಇದು ದೊಡ್ಡ ಅನುಕೂಲ. ಬಾಗಿಲುಗಳ ಒಳಗೆ ಹೆಲ್ಮೆಟ್ ಇಡುವಷ್ಟು ಆಳದ ಗೂಡುಗಳಿವೆ. ಫೈಬರ್‌ಗ್ಲಾಸ್‌ನ ಮುಂಭಾಗ ಮತ್ತು ಹಿಂಭಾಗ ಇಡಿಯಾಗಿ ಮೇಲೆದ್ದು ನಿಲ್ಲುವುದರಿಂದ ಮೆಕ್ಯಾನಿಕ್‌ಗಳು ರಸ್ತೆಬದಿಯಲ್ಲೇ ಎಂಜಿನ್, ಸಸ್ಪೆನ್ಷನ್‌ಗಳಿಗೆ ಕೈಹಾಕಬಹುದಿತ್ತು.

ಪ್ರಶ್ನೆ: ಸ್ಟ್ರಾಟೋಸ್ ನಿಜಕ್ಕೂ ಎಷ್ಟು ಗೆದ್ದಿತು? ಅಷ್ಟು ಒಳ್ಳೆಯ ಕಾರನ್ನು ಬೇಗ ನಿಲ್ಲಿಸಿದ್ದೇಕೆ? (ಮೈಸೂರಿನ ಓದುಗರು)

ಉತ್ತರ: 1974, 1975 ಮತ್ತು 1976ರಲ್ಲಿ ಲಾಂಚಿಯಾ ತಯಾರಕರ ವಿಶ್ವ ರ‍್ಯಾಲಿ ಚಾಂಪಿಯನ್ ಪಟ್ಟ ಗೆದ್ದಿತು. ಮೊದಲ ಪಟ್ಟದಲ್ಲಿ ಫುಲ್ವಿಯಾ ಮತ್ತು ಬೀಟಾ ಕಾರುಗಳು ಗಳಿಸಿದ ಅಂಕಗಳೂ ಸೇರಿವೆ ಎಂಬುದನ್ನು ಮರೆಯಬಾರದು. ಮಾಂಟೆ ಕಾರ್ಲೊ ರ‍್ಯಾಲಿಯನ್ನು ಇಟಲಿಯ ಚಾಲಕ ಸಾಂಡ್ರೊ ಮುನಾರಿ 1975ರಿಂದ 1977ರವರೆಗೆ ಸತತ ಮೂರು ವರ್ಷ ಈ ಕಾರಿನಲ್ಲಿ ಗೆದ್ದರು. ಆದರೆ ಆಫ್ರಿಕಾದ ಸಫಾರಿ ರ‍್ಯಾಲಿಯಾಗಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಯಾಗಲಿ ಇದಕ್ಕೆ ಕೊನೆಗೂ ಒಲಿಯಲಿಲ್ಲ. 1975ರ ಸಫಾರಿಯಲ್ಲಿ ಮುನಾರಿ ಎರಡನೆಯವರಾಗಿ, ಗೆಲುವು ಪ್ಯೂಜೊ 504ರ ಪಾಲಾಯಿತು.

1976ರ ಸಾನ್‌ರೆಮೊ ರ‍್ಯಾಲಿಯ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಕೊನೆಯ ಹಂತಕ್ಕೆ ಮುನ್ನ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ ತಂಡದ ಜೊತೆಗಾರ ಮುನಾರಿಗಿಂತ 4 ಸೆಕೆಂಡ್ ಮುಂದಿದ್ದರು. ಇಬ್ಬರನ್ನೂ ಸಮಕ್ಕೆ ತರಲೆಂದು ಫಿಯೋರಿಯೊ ವಾಲ್ಡೆಗಾರ್ಡ್‌ರನ್ನು ಆರಂಭದ ಗೆರೆಯಲ್ಲಿ ಆ 4 ಸೆಕೆಂಡ್ ನಿಲ್ಲಿಸಿದರು. ಅವರು ಹೇಳಿದಂತೆ ನಿಂತರು, ಆಮೇಲೆ ಹೊರಟು ರ‍್ಯಾಲಿಯನ್ನು 4 ಸೆಕೆಂಡ್ ಅಂತರದಿಂದಲೇ ಗೆದ್ದರು. ಬಳಿಕ ಅವರು ಫೋರ್ಡ್ ತಂಡ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ನಿಲ್ಲಿಸಿದ ಕಾರಣ: ಅದು ಕಾರಿನ ಸೋಲಲ್ಲ, ಮಾಲೀಕರ ವ್ಯಾಪಾರದ ಲೆಕ್ಕ. ಫಿಯೆಟ್‌ಗೆ ತಾನು ಲಕ್ಷಗಟ್ಟಲೆ ಮಾರುತ್ತಿದ್ದ 131 ಕಾರಿಗೆ ಪ್ರಚಾರ ಬೇಕಿತ್ತು. ಒಂದೇ ಸಮೂಹದ ಎರಡು ಕಾರುಗಳು ಪರಸ್ಪರ ಸೆಣಸುವುದೂ ದುಬಾರಿಯಾಗಿತ್ತು. ಹೀಗಾಗಿ ಅದರ ಸ್ಪರ್ಧಾ ರೂಪವಾದ 131 ಅಬಾರ್ತ್ ಮುಂದಕ್ಕೆ ಬಂತು, ಸ್ಟ್ರಾಟೋಸ್ ಖಾಸಗಿ ತಂಡಗಳ ಕೈಗೆ ಹೋಯಿತು. ಆದರೂ ಅದರ ಕಸುವು ಉಡುಗಿರಲಿಲ್ಲ. 1979ರ ಮಾಂಟೆ ಕಾರ್ಲೊದಲ್ಲಿ ಫ್ರಾನ್ಸಿನ ಬರ್ನಾರ್ ಡಾರ್ನಿಷ್ ಖಾಸಗಿ ತಂಡದ ಸ್ಟ್ರಾಟೋಸ್‌ನಲ್ಲಿ, ಈಗ ಫೋರ್ಡ್ ಎಸ್ಕಾರ್ಟ್ ಓಡಿಸುತ್ತಿದ್ದ ಅದೇ ವಾಲ್ಡೆಗಾರ್ಡ್ ಅವರನ್ನು 6 ಸೆಕೆಂಡ್‌ಗಳಿಂದ ಸೋಲಿಸಿದರು. 1981ರಲ್ಲಿ ಕಾರ್ಸಿಕಾ ದ್ವೀಪದ ರ‍್ಯಾಲಿಯನ್ನೂ ಅವರೇ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಟ್ರಾಟೋಸ್‌ನ ಕೊನೆಯ ಜಯ ಅದು.

ಪ್ರಶ್ನೆ: ದಿನನಿತ್ಯ ಓಡಿಸಲು ಹೇಗಿತ್ತು? (ಮಂಗಳೂರಿನ ಓದುಗರು)

ಉತ್ತರ: ಕಷ್ಟ. ಎಂಜಿನ್ನಿನ ಬಿಸಿ ಮತ್ತು ಸದ್ದು ನೇರ ಒಳಕ್ಕೆ ಬರುತ್ತಿದ್ದವು, ಎತ್ತರದವರಿಗೆ ತಲೆ ಇಡಲು ಜಾಗ ಸಾಲುತ್ತಿರಲಿಲ್ಲ, ಹಿಂದೆ ಏನಿದೆಯೆಂಬುದು ಸರಿಯಾಗಿ ಕಾಣುತ್ತಿರಲಿಲ್ಲ. ತಯಾರಾದ ಕಾರುಗಳಲ್ಲಿ ಹಲವು ವರ್ಷಗಟ್ಟಲೆ ಗಿರಾಕಿಯಿಲ್ಲದೆ ಉಳಿದವು.

ಪ್ರಶ್ನೆ: ಇಂದು ಮಾರಾಟಕ್ಕೆ ಕಾಣುವ ಸ್ಟ್ರಾಟೋಸ್‌ಗಳೆಲ್ಲ ಅಸಲಿಯೇ? (ದುಬೈನಲ್ಲಿರುವ ಕನ್ನಡಿಗ ಓದುಗರು)

ಉತ್ತರ: ಅಲ್ಲ. ಈ ಕಾರಿನ ಪ್ರತಿಕೃತಿಗಳನ್ನು ಹಲವು ಸಣ್ಣ ಸಂಸ್ಥೆಗಳು ದಶಕಗಳಿಂದ ತಯಾರಿಸುತ್ತಿವೆ. ಅವುಗಳಲ್ಲಿ ಅನೇಕಕ್ಕೆ ಆಲ್ಫಾ ರೋಮಿಯೊದ ವಿ6 ಎಂಜಿನ್ ಹಾಕಿರುತ್ತಾರೆ, ಹೊರಗಿನಿಂದ ನೋಡಿ ಗುರುತಿಸುವುದು ಸುಲಭವಲ್ಲ. ಹಿಂದಿನ ಮುಚ್ಚಳ ಎತ್ತಿಸಿ ಡಿನೊ ಎಂಜಿನ್ ಇದೆಯೇ ಎಂದು ನೋಡುವುದು, ಚಾಸಿ ಸಂಖ್ಯೆಯನ್ನು ದಾಖಲೆಗಳೊಂದಿಗೆ ತಾಳೆ ಹಾಕಿಸುವುದು ಮೊದಲ ಕೆಲಸವಾಗಬೇಕು. 2010ರಲ್ಲಿ ಫೆರಾರಿ 430 ಸ್ಕುಡೇರಿಯಾದ ತಳಹದಿಯ ಮೇಲೆ ಕಟ್ಟಿದ ‘ನ್ಯೂ ಸ್ಟ್ರಾಟೋಸ್’ ಎಂಬುದೊಂದಿದೆ. ಅದು ಇದರ ನೆನಪಿನಲ್ಲಿ ಮಾಡಿದ ಬೇರೆಯದೇ ಕಾರು, ಲಾಂಚಿಯಾ ಕಂಪನಿಯ ಉತ್ಪನ್ನವಲ್ಲ.