ಹೊಳೆಯ ಈ ದಂಡೆಯಲ್ಲಿ ರೈತರ ದುಡ್ಡು ಯಾರಿಗೆ ಬರುತ್ತದೆ?

"ಗಡಿಯಲ್ಲಿದ್ದೀರಿ, ಎರಡೂ ರಾಜ್ಯದ ದುಡ್ಡು ಬರುತ್ತಿರಬೇಕಲ್ಲ" ಅಂತ ಕೇಳಿದ್ದೀರಿ. ಹಾಗೇನಿಲ್ಲ. ಆದರೆ ಯಾವ ದಂಡೆಯಲ್ಲಿ ಹೊಲವಿದೆ ಅನ್ನುವುದರ ಮೇಲೆ ಲೆಕ್ಕ ಪೂರಾ ಬದಲಾಗುತ್ತದೆ.

ನಮ್ಮದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ಕೃಷ್ಣಾ ಹೊಳೆ ದಾಟಿದರೆ ರಾಯಚೂರು. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು. ಬೀಗರು ಬಿಜ್ಜರೆಲ್ಲ ಎರಡೂ ಕಡೆ ಇರುವುದರಿಂದ ಮದುವೆಮನೆಯಲ್ಲಿ ಕೂತರೆ ಈ ಮಾತು ಬಂದೇ ಬರುತ್ತದೆ.

ಕೇಂದ್ರ ಸರ್ಕಾರ ರೈತರ ಖಾತೆಗೆ ಹಾಕುವ ಪಿಎಂ ಕಿಸಾನ್ ದುಡ್ಡು ಎರಡೂ ಕಡೆ ಒಂದೇ: ವರ್ಷಕ್ಕೆ 6,000, ಮೂರು ಕಂತಿನಲ್ಲಿ. ಗಂಡ, ಹೆಂಡತಿ, ಸಣ್ಣ ಮಕ್ಕಳು ಸೇರಿ ಒಂದು ಕುಟುಂಬ. ಒಂದು ಎಕರೆ ಇರಲಿ, ಹತ್ತು ಇರಲಿ, ದುಡ್ಡು ಅಷ್ಟೇ. 2019ರ ಫೆಬ್ರವರಿ 1ರ ನಂತರ ಕೊಂಡ ಹೊಲಕ್ಕೆ ಇಲ್ಲ. ಹಿರಿಯರು ತೀರಿಕೊಂಡು ಹೆಸರಿಗೆ ಬಂದಿದ್ದರೆ ಮಾತ್ರ ಉಂಟು. ಆದಾಯ ತೆರಿಗೆ ಕಟ್ಟುವವರು, ಡಾಕ್ಟರು, ವಕೀಲರು ಹೊರಗೆ. ಕರ್ನಾಟಕ ಇದಕ್ಕೆ ತನ್ನ 4,000 ಸೇರಿಸುತ್ತಿತ್ತು. 2023ರಲ್ಲಿ ಅದು ನಿಂತಿತು.

ನಮ್ಮ ಕಡೆ 2018ರಲ್ಲಿ ರೈತರಿಗೆ ದುಡ್ಡು ಕೊಡುವ ರಾಜ್ಯದ್ದೇ ಯೋಜನೆ ರೈತುಬಂಧು ಬಂತು. ಇದು ಎಕರೆ ಲೆಕ್ಕ. ಮೊದಲು ಎಕರೆಗೆ ಹಂಗಾಮಿಗೆ 4,000, ಆಮೇಲೆ 5,000. ಈಗ ರೈತು ಭರೋಸಾ ಅಂತ ಹೆಸರು ಬದಲಾಗಿ 6,000 ಆಗಿದೆ. ರೈತುಬಂಧುವಿಗೆ ಮಿತಿಯೇ ಇರಲಿಲ್ಲ. ಐವತ್ತು ಎಕರೆಯ ಸಾಹುಕಾರನಿಗೆ ವರ್ಷಕ್ಕೆ ಐದು ಲಕ್ಷ. ಹೈದರಾಬಾದಿನಲ್ಲಿ ಕೂತ ಅಧಿಕಾರಿಗೂ ಬರುತ್ತಿತ್ತು, ಹೊಲ ತನ್ನದೆಂದು ತೋರಿಸುವ ಪಟ್ಟಾ ಪಾಸ್‌ಬುಕ್ ಇದ್ದರಾಯಿತು. ಅರ್ಧ ಎಕರೆಯವನಿಗೆ ಸಿಕ್ಕಿದ್ದು ಗೊಬ್ಬರದ ಚೀಲಗಳಿಗೆ ಸರಿಹೋಯಿತು. ಹೊಸ ಯೋಜನೆಯಲ್ಲಿ ಗುಡ್ಡ, ಪ್ಲಾಟು ಹಾಕಿದ ಜಾಗ ತೆಗೆದಿದ್ದಾರೆ. ಅಷ್ಟು ಒಳ್ಳೆಯದಾಯಿತು.

ಈಗ ನೀವು ಕೇಳದೇ ಬಿಟ್ಟದ್ದನ್ನು ಹೇಳುತ್ತೇನೆ. ನೀವು ಬಂದರೆ ರಸ್ತೆಬದಿಯಲ್ಲಿ ಹತ್ತಿ, ತೊಗರಿ, ಭತ್ತ ಕಾಣುತ್ತೀರಿ. ಅದರಲ್ಲಿ ಎಷ್ಟೋ ಹೊಲ ಕೌಲಿಗೆ, ಅಂದರೆ ಗೇಣಿಗೆ, ಮಾಡಿದ್ದು. ಬೀಜ, ಔಷಧಿ, ಆಳು ಎಲ್ಲ ಕೌಲಿನವನ ಕೈಯಿಂದ. ಸರ್ಕಾರದ ದುಡ್ಡು ಒಡೆಯನ ಖಾತೆಗೆ. ದುಡ್ಡು ಬಂತೆಂದು ಕೌಲು ಇಳಿಸಿದ ಒಡೆಯನನ್ನು ನಾನಂತೂ ಕಂಡಿಲ್ಲ. ಸರ್ಕಾರಿ ಖರೀದಿ ಕೇಂದ್ರಕ್ಕೆ ಹತ್ತಿ ಮಾರಲು ಹೋದರೂ ಪಾಸ್‌ಬುಕ್ ಕೇಳುತ್ತಾರೆ, ಆಗ ಮತ್ತೆ ಒಡೆಯನ ಮನೆಗೇ ಹೋಗಬೇಕು.

ಕೌಲಿಗೆ ಕಾಗದ ಮಾಡಿಕೊಳ್ಳಬಾರದೇ ಅನ್ನುತ್ತೀರಿ. ಒಡೆಯರು ಒಪ್ಪುವುದಿಲ್ಲ. ನಿಜಾಮರ ಸೀಮೆಯಲ್ಲಿ 1950ರ ಕೌಲು ಕಾನೂನಿನಿಂದ ಉಳುವವರಿಗೆ ಭೂಮಿ ಹೋದದ್ದನ್ನು ಅವರ ಮನೆಯ ಹಿರಿಯರು ನೋಡಿದ್ದಾರೆ. ಆಚೆ ದಂಡೆಯಲ್ಲಿ ಇನ್ನೂ ವಿಚಿತ್ರ: ಕರ್ನಾಟಕದಲ್ಲಿ ಭೂಸುಧಾರಣಾ ಕಾನೂನಿನ 1974ರ ತಿದ್ದುಪಡಿಯಿಂದ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಹೊಲ ಗೇಣಿಗೆ ಕೊಡುವುದೇ ನಿಷಿದ್ಧ. ಕೊಡುವುದು ಮಾತ್ರ ನಿಂತಿಲ್ಲ, ಬರೀ ಬಾಯಿಮಾತಿನಲ್ಲಿ ನಡೆಯುತ್ತದೆ. ಕಾನೂನಿನ ಕಣ್ಣಿಗೆ ಇಲ್ಲದವನ ಹೆಸರನ್ನು ಯಾವ ಪಟ್ಟಿಗೆ ಸೇರಿಸುತ್ತಾರೆ?

ಭೂಮಿಯೇ ಇಲ್ಲದ ಕೂಲಿಯವರಿಗೆ 2025ರ ಜನವರಿಯಲ್ಲಿ ನಮ್ಮ ರಾಜ್ಯ ವರ್ಷಕ್ಕೆ 12,000 ಅಂತ ಘೋಷಿಸಿತು. ಉದ್ಯೋಗ ಖಾತ್ರಿಯಲ್ಲಿ 20 ದಿನ ದುಡಿದಿರಬೇಕು. ಎಂಟು ಎಕರೆ ಕೌಲಿಗೆ ಮಾಡುವವನ ಹೆಸರಿಗೆ ಹತ್ತು ಗುಂಟೆ ಸ್ವಂತದ್ದಿದ್ದರೆ ಅವನು ಭೂಹೀನನೂ ಅಲ್ಲ. ಎಕರೆಗೆ 6,000ದ ಲೆಕ್ಕದಲ್ಲಿ ಅವನಿಗೆ ಹಂಗಾಮಿಗೆ 1,500 ರೂಪಾಯಿ.